ಸದ್ದು ನಿಂತ ಮೇಲೆ

ಜನವರಿ ೬

ಅಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನ್ನ ಹುಬ್ಬು ಮೇಲೇರಿರುತ್ತದೆ. ಹೌದು, ನಾನೇ. ನಿನ್ನ ಒಬ್ಬನೇ ತಮ್ಮ, ಮೈಕ್‌ಸೆಟ್ ಅಂಗಡಿಯವನು, ಇನ್ನೂ ಗಟ್ಟಿಮುಟ್ಟಾಗಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಎತ್ತಿದರೆ ‘ಅವಳು ಡ್ಯೂಟಿಗೆ ಹೋಗಿದ್ದಾಳೆ ಕಣಯ್ಯ’ ಅನ್ನುತ್ತಾರೆ. ಒಂಬತ್ತು ವರ್ಷದಿಂದ ಒಂದೇ ಡ್ಯೂಟಿ! ನರ್ಸುಗಳಿಗೆ ರಜೆಯೇ ಇರುವುದಿಲ್ಲವಾ ಎಂದು ನನ್ನವಳು ಕೇಳಿದಳು. ಅದಕ್ಕೇ ಪತ್ರ. ಹರಿದು ಹಾಕುವ ಮೊದಲು ಒಂದು ಸಲ ಓದಿಬಿಡು.

ವಿಷಯ ಸಂತೋಷದ್ದೇ. ಆಟಿಸಂ ಇರುವ ಮಕ್ಕಳಿಗಾಗಿ ನಮ್ಮಲ್ಲಿ ಒಂದು ಸೇವಾಸಂಸ್ಥೆ ಇದೆ. ನಿವೃತ್ತ ಟೀಚರಮ್ಮ ಒಬ್ಬರು ನಡೆಸುತ್ತಾರೆ. ಜನರಿಗೆ ತಿಳಿವಳಿಕೆ ಬರಲಿ ಎಂದು ಪ್ರತಿ ಏಪ್ರಿಲ್‌ನಲ್ಲಿ ಪುರಭವನದಲ್ಲಿ ದೊಡ್ಡ ಕಾರ್ಯಕ್ರಮ ಮಾಡುತ್ತಾರೆ. ಹೋದ ವರ್ಷದಿಂದ ಅದಕ್ಕೆ ಮೈಕ್‌ಸೆಟ್ ನನ್ನದೇ, ಪೂರ್ತಿ ಉಚಿತ. ಈ ಸಲ ಹದಿನಾರು ಸ್ಪೀಕರ್ ಪೆಟ್ಟಿಗೆ ಇಡುತ್ತಿದ್ದೇನೆ, ಎಲ್ಲ ಹೊಸವು. ಬಾಗಿಲಲ್ಲಿ ನಿಂತವನ ಎದೆ ಝಲ್ ಅನ್ನಬೇಕು! ಜೊತೆಗೆ ಬ್ಯಾಂಡ್‌ಸೆಟ್ಟಿನವರೂ ಬರುತ್ತಾರೆ.

ಮೊನ್ನೆ ಸಭೆಯಲ್ಲಿ ಮಾತಿಗೆ ಮಾತು ಬಂದು ‘ನನ್ನ ಅಕ್ಕನ ಮಗಳೂ ಅಂಥವಳೇ’ ಎಂದುಬಿಟ್ಟೆ. ಟೀಚರಮ್ಮ ಕುರ್ಚಿಯಿಂದ ಅರ್ಧ ಎದ್ದರು. ‘ಹೌದಾ? ಅವರು ಬಂದು ಒಂದೆರಡು ನಿಮಿಷ ಮಾತಾಡ್ತಾರಾ?’ ಎಂದರು. ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ನೀನು ಬೇಡ ಅನ್ನಬಾರದು. ಅವಳು ಮಾತಾಡದಿದ್ದರೂ ಚಿಂತೆಯಿಲ್ಲ, ವೇದಿಕೆಯ ಮೇಲೆ ಸುಮ್ಮನೆ ನಿಂತರೂ ಜನ ಕರಗಿ ನೀರಾಗುತ್ತಾರೆ. ಪೋಸ್ಟರಿನ ಸಾಲು ಕೂಡ ನಾನೇ ಬರೆದದ್ದು: ‘ಪಾಪದ ಕಂದಮ್ಮಗಳಿಗಾಗಿ ಒಂದು ಸಂಜೆ.’ ಹೇಗಿದೆ?

ನಿನ್ನ ಮಗಳು, ನಮ್ಮ ಕಡ್ಡಿ, ಹೇಗಿದ್ದಾಳೆ? ಏನಾದರೂ ಸುಧಾರಿಸಿದೆಯಾ? ನನ್ನ ಮಗಳಿಗೆ ಈಗ ಏಳು ವರ್ಷ. ‘ನಂಗೂ ಒಬ್ರು ಅತ್ತೆ ಇದ್ದಾರಂತಲ್ಲ, ಎಲ್ಲಿದ್ದಾರೆ?’ ಎಂದು ಕೇಳುತ್ತಾಳೆ. ಡ್ಯೂಟಿಯಲ್ಲಿದ್ದಾರೆ ಎಂದು ಹೇಳಿದ್ದೇನೆ.

ನಿನ್ನ ತಮ್ಮ


ಜನವರಿ ೧೯

ತಮ್ಮನಿಗೆ,

ಪತ್ರ ಬಂತು. ಹರಿಯಲಿಲ್ಲ. ಫೋನಿನಲ್ಲಾದರೆ ನೀನು ಮಾತಾಡುತ್ತೀಯ, ನಾನು ಕೇಳಬೇಕು. ಪತ್ರದಲ್ಲಿ ನನಗೂ ಸರದಿ ಸಿಗುತ್ತದೆ. ಆದ್ದರಿಂದ ಪತ್ರವೇ ಇರಲಿ.

ಸುಧಾರಿಸುವುದಕ್ಕೆ ಅವಳಿಗೆ ಜ್ವರ ಬಂದಿಲ್ಲ. ಅವಳು ಕಂದಮ್ಮನೂ ಅಲ್ಲ, ಇಪ್ಪತ್ಮೂರು ವರ್ಷದ ಹೆಂಗಸು. ಹೇಗಿದ್ದಾಳೆ ಎಂದು ಕೇಳಿದೆ, ಚೆನ್ನಾಗಿದ್ದಾಳೆ. ಏನು ಮಾಡುತ್ತಿದ್ದಾಳೆ ಎಂದು ನೀನು ಕೇಳಲಿಲ್ಲ, ಹಾಗಾಗಿ ನಾನು ಹೇಳುವುದಿಲ್ಲ.

ಜನರನ್ನು ಕರಗಿಸಲು ನನ್ನ ಮಗಳು ಬರುವುದಿಲ್ಲ. ನಿನ್ನ ಮೈಕಿಗೂ ನಮಗೂ ಹಳೆಯ ಪರಿಚಯವಿದೆ, ಅಷ್ಟೇ ಸಾಕು.

ನಿನ್ನ ಮಗಳಿಗೆ ಈ ಅತ್ತೆಯ ಮುದ್ದು. ಅವಳದೇನೂ ತಪ್ಪಿಲ್ಲ.

ಅಕ್ಕ


ಜನವರಿ ೨೮

ಅಕ್ಕಾ,

ಅಬ್ಬಬ್ಬಾ, ಇಂಜೆಕ್ಷನ್ ಕೊಟ್ಟೂ ಕೊಟ್ಟೂ ನಿನ್ನ ಮಾತೂ ಸೂಜಿಯೇ ಆಗಿದೆ. ಇರಲಿ, ಬೈದಾದರೂ ಬರೆದೆಯಲ್ಲ. ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ.

ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಮಗಳನ್ನು ನಾಲ್ಕು ಜನರ ಮುಂದೆ ಕರೆತರಲು ನಿನಗೆ ನಾಚಿಕೆ. ಯಾವ ತಾಯಿಗೆ ಆಗುವುದಿಲ್ಲ ಹೇಳು? ಆದರೆ ಕಾಲ ಬದಲಾಗಿದೆ ಅಕ್ಕಾ. ಮುಚ್ಚಿಡಬೇಡಿ, ಹೊರಗೆ ಕರೆತನ್ನಿ ಎಂದು ಟೀಚರಮ್ಮ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಎಷ್ಟು ದಿನ ಅಂತ ಅವಳನ್ನು ನಾಲ್ಕು ಗೋಡೆಯೊಳಗೆ ಇಟ್ಟುಕೊಳ್ಳುತ್ತೀಯ?

ಸದ್ದಿನ ಭಯವಾದರೆ ಅದಕ್ಕೂ ದಾರಿ ಹುಡುಕಿದ್ದೇನೆ. ಈ ಪತ್ರದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ನನ್ನ ಅಂಗಡಿಯಲ್ಲಿರುವುದರಲ್ಲೇ ಉತ್ತಮವಾದದ್ದು. ಹಾಕಿಕೊಂಡರೆ ಪಕ್ಕದಲ್ಲಿ ಡೋಲು ಬಾರಿಸಿದರೂ ಗೊತ್ತಾಗುವುದಿಲ್ಲ. ನಾನೇ ಹಾಕಿಕೊಂಡು ಹದಿನಾರು ಪೆಟ್ಟಿಗೆಯ ಮುಂದೆ ನಿಂತು ನೋಡಿದೆ. ಕಡ್ಡಿಗೆ ಹೇಳು, ಮಾವ ಕಳಿಸಿದ್ದು ಅಂತ.

ನಿನ್ನ ತಮ್ಮ


ಫೆಬ್ರವರಿ ೯

ತಮ್ಮನಿಗೆ,

ನಿನ್ನ ಪಾರ್ಸೆಲ್ ವಾಪಸ್ ಬರುತ್ತಿದೆ. ಅದು ಅವಳ ತಲೆಯ ಮೇಲೆ ಇದ್ದದ್ದು ಹನ್ನೊಂದು ಸೆಕೆಂಡ್. ನಿನ್ನ ಮನಸ್ಸು ನೋಯಬಾರದೆಂದು ಅವಳು ಅಷ್ಟು ಹೊತ್ತು ಇಟ್ಟುಕೊಂಡಳು, ಎಣಿಸಿದವಳೂ ಅವಳೇ. ತಲೆಯನ್ನು ಒತ್ತುವ ಯಾವುದನ್ನೂ ಅವಳು ತಾಳಲಾರಳು. ಹುಟ್ಟಿದಾಗಿನಿಂದ ಒಂದು ಹೇರ್‌ಪಿನ್ ಕೂಡ ಹಾಕಿದವಳಲ್ಲ. ಬೇರೆ ಮಕ್ಕಳಿಗೆ ಅದು ವರವೇ ಇರಬಹುದು, ನಮ್ಮ ಆಸ್ಪತ್ರೆಗೆ ಬರುವ ಒಬ್ಬ ಹುಡುಗ ಅದಿಲ್ಲದೆ ಗೇಟು ದಾಟುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಡಲಾಗುತ್ತದಾ? ನೀನು ಒಂದು ಮಾತು ಕೇಳಬಹುದಿತ್ತು.

ನಾಚಿಕೆ ಅಂದೆಯಲ್ಲ. ನಾಚಿಕೆಯೇ? ಕೇಳು ಹಾಗಾದರೆ.

ಅವಳು ನಾಲ್ಕು ಗೋಡೆಯೊಳಗೆ ಇಲ್ಲ. ಎರಡು ವರ್ಷದಿಂದ ನಾನಿರುವ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ನನ್ನ ಶಿಫಾರಸಿನಿಂದಲ್ಲ. ಆ ಕೋಣೆಯ ಮೇಲ್ವಿಚಾರಕಿ ಮೊದಲ ದಿನವೇ ‘ಸಿಸ್ಟರ್, ನೀವು ಇಲ್ಲಿ ತಲೆ ಹಾಕ್ಬೇಡಿ, ಅವಳಿಗೆ ನಾನು ಕಲಿಸ್ತೀನಿ’ ಎಂದು ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಕಲಿಯಲು ಎಂಟು ತಿಂಗಳು ಹಿಡಿಯಿತು. ಮೊದಲ ತಿಂಗಳು ದಿನಾ ಅಳುತ್ತಾ ಬಂದಳು, ದಿನಾ ಮತ್ತೆ ಹೋದಳು. ಈಗ ಆಪರೇಷನ್ ಥಿಯೇಟರಿಗೆ ಹೋಗುವ ಪ್ರತಿ ಹಾಸುಬಟ್ಟೆಯೂ ಅವಳ ಕೈಯಿಂದಲೇ ಹೋಗಬೇಕು. ಮಡಚುವ ಮೊದಲು ಬಟ್ಟೆಯ ಉದ್ದಕ್ಕೂ ಅಂಗೈ ಆಡಿಸುತ್ತಾಳೆ. ಸಾಸಿವೆಯಷ್ಟು ತೂತಿದ್ದರೂ ಪಕ್ಕಕ್ಕೆ ತೆಗೆದಿಡುತ್ತಾಳೆ. ಅವಳು ಮೂರು ದಿನ ರಜೆ ಹಾಕಿದಾಗ ದೊಡ್ಡ ಡಾಕ್ಟರೇ ಕೆಳಗಿಳಿದು ಬಂದು ‘ಆ ಹುಡುಗಿ ಎಲ್ಲಿ? ಬಟ್ಟೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ತಾ ಇಲ್ಲ’ ಎಂದು ಕೂಗಾಡಿದರು. ಆ ದಿನ ನಾನು ಕಾರಿಡಾರಿನಲ್ಲಿ ನಡೆದದ್ದು ನೆಲದ ಮೇಲಲ್ಲ.

ಇನ್ನು ನಾಚಿಕೆ ಅಂದರೆ ಏನೆಂದು ನಾನು ತಿಳಿದದ್ದು ನಿನ್ನ ಮದುವೆಯ ದಿನ. ನಿನ್ನ ಮದುವೆಗೆ ನಿನ್ನದೇ ಮೈಕ್‌ಸೆಟ್. ಹದಿನಾಲ್ಕು ವರ್ಷದ ಹುಡುಗಿ ಮೇಜಿನ ಕೆಳಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಆಗ ನೀನು ಕೈಯಲ್ಲಿದ್ದ ಮೈಕಿನಲ್ಲಿ ಏನು ಹೇಳಿದೆ? ‘ಯಾರಾದ್ರೂ ಆ ಹುಡುಗೀನ ಹೊರಗೆ ಕರ್ಕೊಂಡು ಹೋಗ್ರಪ್ಪಾ.’ ಆರು ನೂರು ಜನ ಕೇಳಿಸಿಕೊಂಡರು. ನಿನಗೆ ನೆನಪಿದೆಯೋ, ಇಲ್ಲ ನನಗೆ ಮಾತ್ರವೋ?

ಅಕ್ಕ


ಮಾರ್ಚ್ ೧೬

ಅಕ್ಕಾ,

ಐದು ವಾರ ಸುಮ್ಮನಿದ್ದೆ. ಮೂರು ಪತ್ರ ಬರೆದು ಮೂರನ್ನೂ ಹರಿದೆ. ಇದು ನಾಲ್ಕನೆಯದು.

ನೆನಪಿದೆ. ಮೈಕಿನ ಸ್ವಿಚ್ಚು ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅದು ಚಾಲೂ ಇದೆ ಎಂದು ಗೊತ್ತಿಲ್ಲದಿರಲು ನಾನೇನು ನಿನ್ನೆ ಮೊನ್ನೆ ಅಂಗಡಿ ಇಟ್ಟವನಾ? ಗೊತ್ತಿತ್ತು. ಬೀಗರ ಮುಂದೆ ಮುಖ ಕೆಟ್ಟಿತು ಎಂದು ತಲೆ ಕೆಟ್ಟಿತ್ತು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ, ಆದರೆ ಕಚ್ಚಿಕೊಂಡದ್ದು ಮೈಕಿನಲ್ಲಿ ಕೇಳಿಸುವುದಿಲ್ಲವಲ್ಲ. ಆಮೇಲೆ ನೀನು ಒಂದು ಮಾತೂ ಹೇಳದೆ, ಊಟವನ್ನೂ ಮಾಡದೆ ನೇರ ಮನೆಗೆ ಹೊರಟುಹೋದೆ ಎಂದು ಉಲ್ಟಾ ನಾನೇ ಸಿಟ್ಟಾದೆ. ತಪ್ಪು ಮಾಡಿದವನಿಗೆ ಸಿಟ್ಟು ಎಷ್ಟು ಬೇಗ ಸಿಗುತ್ತದೆ ನೋಡು.

ನಿನಗೆ ಹೇಳದೆ ಮುಚ್ಚಿಟ್ಟ ಇನ್ನೊಂದು ವಿಷಯವಿದೆ. ಹೋದ ವರ್ಷದ ಕಾರ್ಯಕ್ರಮದಲ್ಲಿ ಬ್ಯಾಂಡು ಶುರುವಾದ ಮೇಲೆ ಟೀ ಕುಡಿಯಲು ಹೊರಗೆ ಬಂದೆ. ಗೇಟಿನ ಹತ್ತಿರ ಹದಿನೈದಿಪ್ಪತ್ತು ಕುಟುಂಬಗಳು ನಿಂತಿದ್ದವು. ಮಕ್ಕಳು ಅಪ್ಪಂದಿರ ಹೆಗಲಿಗೆ ಮುಖ ಒತ್ತಿಕೊಂಡಿದ್ದರು. ಒಬ್ಬ ತಾಯಿ ತನ್ನ ಎರಡೂ ಅಂಗೈಗಳಿಂದ ಮಗನ ಕಿವಿ ಮುಚ್ಚಿ ಹಿಡಿದಿದ್ದಳು. ಸೀಟು ಸಿಗಲಿಲ್ಲವೇನೋ ಎಂದುಕೊಂಡು ಟೀ ಕುಡಿದು ಒಳಗೆ ಹೋದೆ. ಯಾರ ಕಾರ್ಯಕ್ರಮವೋ ಅವರೇ ಗೇಟಿನ ಹೊರಗೆ! ನಿನ್ನ ಪತ್ರ ಓದಿದ ಮೇಲೆ ಆ ತಾಯಿಯ ಕೈಗಳು ಕಣ್ಣಮುಂದಿನಿಂದ ಹೋಗುತ್ತಲೇ ಇಲ್ಲ.

ಕಳೆದ ವಾರ ಸಂಸ್ಥೆಯ ಅಂಗಳದಲ್ಲಿ ಬರೀ ಎರಡು ಪೆಟ್ಟಿಗೆ ಇಟ್ಟು ‘ಹಲೋ, ಚೆಕ್, ಚೆಕ್’ ಎಂದೆ. ಒಬ್ಬಳು ಉದ್ದ ಜಡೆಯ ಹುಡುಗಿ ತರಗತಿಯಿಂದ ಎದ್ದು ಬಂದು, ನನ್ನ ಮುಖವನ್ನೂ ನೋಡದೆ ಪ್ಲಗ್ ಕಿತ್ತು, ವಯರನ್ನು ನೀಟಾಗಿ ಸುತ್ತಿ ನನ್ನ ಕೈಗಿಟ್ಟು ವಾಪಸ್ ಹೋದಳು. ಟೀಚರಮ್ಮ ನಕ್ಕರು. ‘ಬಿಟ್ಟಿ ಕೊಡೋರಿಗೆ ಬೇಡ ಅನ್ನೋದು ಹೇಗೆ ಅಂತ ಹೋದ ವರ್ಷದಿಂದ ಒದ್ದಾಡ್ತಿದ್ದೆ. ಅವಳೇ ಹೇಳಿಬಿಟ್ಟಳು’ ಎಂದರು.

ಅಕ್ಕಾ, ತಪ್ಪಾಯಿತು. ಒಂಬತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ, ತಪ್ಪಾಯಿತು.

ಈ ಸಲ ಪುರಭವನ ಹೇಗಿರಬೇಕು ಎಂದು ನಮ್ಮ ಹುಡುಗಿಯನ್ನೇ ಕೇಳಿ ಹೇಳುತ್ತೀಯಾ? ಅವಳು ಬರಲಿ, ಬಿಡಲಿ. ಇಪ್ಪತ್ತು ವರ್ಷದಿಂದ ಸದ್ದು ಮಾಡುವುದನ್ನೇ ಕಲಿತವನು ನಾನು. ಸದ್ದು ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು.

ನಿನ್ನ ತಮ್ಮ


ಮಾರ್ಚ್ ೨೪

ತಮ್ಮನಿಗೆ,

ನಿನ್ನ ಪತ್ರಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ, ಮದುವೆಯ ಭಾಗ ಬಿಟ್ಟು. ಆ ದಿನದ ಮಾತು ಅವಳಿಗೆ ಗೊತ್ತಿಲ್ಲ. ಅಷ್ಟು ಗದ್ದಲದಲ್ಲಿ, ಕಿವಿ ಮುಚ್ಚಿಕೊಂಡಿದ್ದವಳಿಗೆ ಏನು ಕೇಳಿಸಿರುತ್ತದೆ? ಗೊತ್ತಾಗುವುದೂ ಬೇಡ.

ತಪ್ಪಾಯಿತು ಎಂದು ನೀನು ಬರೆದ ಸಾಲನ್ನು ನಾಲ್ಕು ಸಲ ಓದಿದೆ. ಉತ್ತರ ನನ್ನ ಹತ್ತಿರ ಇನ್ನೂ ತಯಾರಿಲ್ಲ. ಅವಳ ಉತ್ತರ ತಯಾರಿದೆ, ಜೊತೆಗಿಟ್ಟಿದ್ದೇನೆ. ಮೂರು ದಿನ ಕೂತು ಬರೆದಿದ್ದಾಳೆ. ಒಂದಕ್ಷರವೂ ನನ್ನದಲ್ಲ.

ಅಕ್ಕ

ಮಾವ,

ನಾನು ಕಡ್ಡಿ ಅಲ್ಲ. ನನ್ನ ತೂಕ ಐವತ್ತೆಂಟು ಕಿಲೋ.

ಪುರಭವನದಲ್ಲಿ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತದೆಯೋ ಇಲ್ಲವೋ ನೋಡಿ. ನಿಮಗೆ ಕೇಳಿಸುವುದಿಲ್ಲ. ಎಲ್ಲ ಫ್ಯಾನ್ ಆರಿಸಿ, ಒಬ್ಬರೇ ಕೂತು, ಹತ್ತು ನಿಮಿಷ ಕೇಳಿ. ಆಮೇಲೆ ಕೇಳಿಸುತ್ತದೆ. ಕುರ್ಚಿ ಎಳೆದರೆ ಕಿರ್ ಅನ್ನಬಾರದು. ಬ್ಯಾಂಡ್ ಬೇಡ. ಚಪ್ಪಾಳೆ ಬೇಡ. ಖುಷಿಯಾದವರು ಕೈ ಎತ್ತಿ ಆಡಿಸಲಿ. ಹೊರಗೆ ಹೋಗಬೇಕು ಅನ್ನಿಸಿದವರು ಹೋಗಬೇಕು, ಮತ್ತೆ ಬರಬೇಕು. ಯಾಕೆ ಎಂದು ಯಾರೂ ಕೇಳಬಾರದು. ಕೂರಲು ಒಂದು ಚಿಕ್ಕ ಕೋಣೆ ಬೇಕು, ಅದರ ಬೆಳಕು ಕಡಿಮೆ ಇರಬೇಕು. ಇದು ನನಗೆ ಬೇಕಾದದ್ದು. ಸಂಸ್ಥೆಯಲ್ಲಿರುವವರಿಗೆ ಬೇರೆ ಬೇಕಾಗಬಹುದು. ಅವರನ್ನೂ ಕೇಳಿ. ಜಡೆಯವರನ್ನು ಮೊದಲು ಕೇಳಿ.

ಪೋಸ್ಟರಿನಲ್ಲಿ ಪಾಪ ಅಂತ ಇದೆ. ನಾನು ಪಾಪ ಅಲ್ಲ. ತೆಗೆಯಿರಿ.

ನಾನು ಬರುತ್ತೇನೆ. ಹಿಂದಿನ ದಿನ ಖಾಲಿ ಭವನವನ್ನು ನೋಡುತ್ತೇನೆ. ಸರಿಯಿಲ್ಲದಿದ್ದರೆ ಮನೆಗೆ ಹೋಗುತ್ತೇನೆ. ಎರಡು ನಿಮಿಷ ಮಾತಾಡುವುದಿಲ್ಲ. ಒಂದು ನಿಮಿಷ ಹತ್ತು ಸೆಕೆಂಡ್ ಮಾತಾಡುತ್ತೇನೆ. ಒಂದು ಮೈಕ್ ಬೇಕು. ನನ್ನ ಧ್ವನಿ ಸಣ್ಣದು, ಹಿಂದಿನ ಸಾಲಿನವರಿಗೂ ಕೇಳಬೇಕು. ಪೆಟ್ಟಿಗೆ ಒಂದೇ ಸಾಕು. ಸದ್ದಿನ ಗುಂಡಿ ನಾನೇ ತಿರುಗಿಸುತ್ತೇನೆ.


ಏಪ್ರಿಲ್ ೩

ಅಕ್ಕಾ,

ಐವತ್ತೆಂಟು ಕಿಲೋದವಳಿಗೆ ಹೇಳು, ಅವಳ ಮಾವ ಫ್ಯಾನ್ ಆರಿಸಿ ಕೂತಿದ್ದ ಎಂದು. ಐದು ನಿಮಿಷ ಏನೂ ಕೇಳಿಸಲಿಲ್ಲ, ಬೆವರು ಮಾತ್ರ ಇಳಿಯಿತು. ಹುಡುಗಿ ನನ್ನ ಕಾಲೆಳೆಯುತ್ತಿದ್ದಾಳೆ ಎಂದುಕೊಂಡೆ. ಏಳನೇ ನಿಮಿಷಕ್ಕೆ ಗುಂಯ್ ಶುರುವಾಯಿತು ನೋಡು! ಆಮೇಲೆ ಗೋಡೆ ಗಡಿಯಾರ, ಬಾಗಿಲಿನ ತಿರುಗಣಿ, ಸ್ವಿಚ್ ಬೋರ್ಡಿನೊಳಗೆ ಏನೋ ಚಿರ್ ಚಿರ್. ಹನ್ನೊಂದು ಸದ್ದು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದಿಂದ ಇದೇ ಭವನದಲ್ಲಿ ಕೆಲಸ ಮಾಡುತ್ತಿದ್ದೇನೆ, ಒಂದೂ ಕೇಳಿರಲಿಲ್ಲ. ಅವಳು ದಿನಾ ಇಷ್ಟನ್ನೂ ಹೊತ್ತುಕೊಂಡು ಓಡಾಡುತ್ತಾಳಾ ಅಕ್ಕಾ? ಹೊತ್ತುಕೊಂಡೇ ಕೆಲಸಕ್ಕೂ ಹೋಗುತ್ತಾಳಾ?

ಟ್ಯೂಬ್‌ಲೈಟುಗಳನ್ನೆಲ್ಲ ಬದಲಾಯಿಸಿದ್ದಾಯಿತು. ತಿರುಗಣಿಗಳಿಗೆ ಎಣ್ಣೆ ಬಿಟ್ಟಿದ್ದಾಯಿತು. ಇನ್ನೂರ ನಲವತ್ತು ಕುರ್ಚಿ, ಒಂಬೈನೂರ ಅರವತ್ತು ಕಾಲು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪ್ರತಿ ಕಾಲಿಗೂ ನಾನು, ನನ್ನವಳು, ಮಗಳು ಕೂತು ರಬ್ಬರ್ ಹಾಕಿದೆವು. ಮಗಳು ಪ್ರತಿ ಕುರ್ಚಿಗೂ ‘ಶೂ ಹಾಕ್ಕೋ ಮರಿ’ ಎಂದು ಹೇಳುತ್ತಿದ್ದಳು.

ಬ್ಯಾಂಡ್‌ಸೆಟ್ಟಿನ ಯಜಮಾನನಿಗೆ ಸಿಟ್ಟು ನೆತ್ತಿಗೇರಿದೆ. ಪೇಟೆಯ ಇನ್ನೊಬ್ಬ ಮೈಕ್‌ಸೆಟ್ಟಿನವನು ‘ಏನ್ ಗುರೂ, ಈ ಸಲ ಬರೀ ಸನ್ನೆಯಲ್ಲೇ ಮುಗಿಸ್ತೀಯಂತೆ?’ ಎಂದು ನಾಲ್ಕು ಜನರ ಮುಂದೆ ಛೇಡಿಸಿದ. ಮುಖ್ಯ ಅತಿಥಿಗಳು ಮೈಕಿಲ್ಲದೆಯೇ ಗೋಡೆ ಬಿರಿಯುವ ಹಾಗೆ ಭಾಷಣ ಮಾಡುವವರು. ಅವರನ್ನು ಮೆತ್ತಗೆ ಮಾತಾಡಿ ಎಂದು ಒಪ್ಪಿಸಲು ಟೀಚರಮ್ಮ ಮೂರು ಸಲ ಅವರ ಮನೆಗೆ ಹೋಗಬೇಕಾಯಿತು. ಚಪ್ಪಾಳೆಯ ಬದಲು ಕೈ ಎತ್ತಿ ಆಡಿಸಿದರೆ ಪೊಲೀಸರು ಬಂದ ಹಾಗೆ ಕಾಣುತ್ತದೆ ಎಂದು ನಾನು ಹೇಳಿದೆ. ಜಡೆಯ ಹುಡುಗಿ ನನ್ನ ಎದುರೇ ಕೈ ಎತ್ತಿ ಆಡಿಸಿ ತೋರಿಸಿದಳು. ಬಾಯಿ ಮುಚ್ಚಿಕೊಂಡೆ.

ಹೊಸ ಪೋಸ್ಟರು ಕಳಿಸಿದ್ದೇನೆ. ‘ಬನ್ನಿ, ಕೂತು ಕೇಳೋಣ’ ಎಂದಷ್ಟೇ ಇದೆ. ಸಾಲು ನನ್ನದಲ್ಲ, ಟೀಚರಮ್ಮನದು. ಕಾರ್ಯಕ್ರಮದ ಹಿಂದಿನ ದಿನ, ಹದಿನೇಳಕ್ಕೆ, ಭವನದ ಬಾಗಿಲಲ್ಲಿ ಕಾಯುತ್ತಿರುತ್ತೇನೆ.

ನಿನ್ನ ತಮ್ಮ


ಏಪ್ರಿಲ್ ೨೦

ಅಕ್ಕಾ,

ಕಾರ್ಯಕ್ರಮ ಮುಗಿದು ನೀವು ಬಸ್ಸಿಗೆ ಹೊತ್ತಾಯಿತೆಂದು ಹೊರಟಾಗ ನಾನು ಭವನದ ಹಿಂದೆ ವಯರ್ ಸುತ್ತುತ್ತಿದ್ದೆ. ನಿಜ ಹೇಳಬೇಕೆಂದರೆ ಒಂದೇ ವಯರನ್ನು ಮೂರು ಸಲ ಬಿಚ್ಚಿ ಮೂರು ಸಲ ಸುತ್ತಿದೆ. ಎದುರಿಗೆ ಬರಲು ಮುಖವಿರಲಿಲ್ಲ.

ಹಿಂದಿನ ದಿನ ಅವಳು ಖಾಲಿ ಭವನದಲ್ಲಿ ಒಂದೊಂದೇ ಸಾಲು ನಡೆದು, ಗೋಡೆಗೆ ಅಂಗೈ ಇಟ್ಟು, ಕೊನೆಗೆ ‘ಸರಿ ಇದೆ’ ಎಂದಳಲ್ಲ, ಆಗ ನನಗಾದ ಹೆಮ್ಮೆ ಯಾವ ಶಾಲು ಹೊದಿಸಿದಾಗಲೂ ಆಗಿರಲಿಲ್ಲ. ನಿನ್ನ ಭುಜ ನನ್ನ ಭುಜಕ್ಕೆ ತಾಗಿತು, ನೀನು ಸರಿಯಲಿಲ್ಲ. ಅದನ್ನೂ ಗಮನಿಸಿದೆ.

ಕಾರ್ಯಕ್ರಮದ ದಿನ ಹಿಂದಿನ ಸಾಲಿನಲ್ಲಿ ಆಂಪ್ಲಿಫೈಯರಿನ ಪಕ್ಕ ಕೂತೆ. ಅವಳು ಗುಂಡಿಯನ್ನು ಮೂರಕ್ಕೆ ತಿರುಗಿಸಿ ವೇದಿಕೆಗೆ ಹೋದಳು. ಮೂರಕ್ಕೆ! ನಾನು ಏಳಕ್ಕಿಂತ ಕೆಳಗೆ ಇಳಿದವನೇ ಅಲ್ಲ. ‘ನಮಸ್ಕಾರ. ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡ್ತೀನಿ’ ಎಂದಳು. ಅಷ್ಟೇ. ಒಂದೊಂದು ಅಕ್ಷರವೂ ಹಿಂದಿನ ಗೋಡೆಯವರೆಗೆ ತೊಳೆದಿಟ್ಟ ಹಾಗೆ ಬಂತು. ನನ್ನ ಮೈಕಿನಲ್ಲಿ ಯಾವ ದೊಡ್ಡ ಮನುಷ್ಯನೂ ಅಷ್ಟು ಚೆನ್ನಾಗಿ ಮಾತಾಡಿಲ್ಲ. ನನಗೆ ತಡೆಯಲಾಗಲಿಲ್ಲ ಅಕ್ಕಾ. ಅಳು ಬಂತು. ನನ್ನ ಗಂಟಲು ನಿನಗೆ ಗೊತ್ತಲ್ಲ, ಅಳುವುದಕ್ಕೂ ಮೈಕ್ ಬೇಡ. ಕರ್ಚೀಫು ಬಾಯಿಗೆ ತುರುಕಿದೆ, ಆದರೂ ಹೋ ಎಂದು ಹೊರಗೆ ಬಂತು. ಮುಂದಿನ ಸಾಲಿನ ಮಗು ಕಿವಿ ಮುಚ್ಚಿಕೊಂಡಿತು.

ಆಗ ಅವಳು ಮಾತು ನಿಲ್ಲಿಸಿ ಅದೇ ಮೈಕಿನಲ್ಲಿ ‘ಯಾರಾದ್ರೂ ಮಾವನ್ನ ಹೊರಗೆ ಕರ್ಕೊಂಡು ಹೋಗ್ರಪ್ಪಾ’ ಎಂದಳು.

ಅದೇ ಮಾತು. ಆ ‘ಪ್ಪಾ’ ಕೂಡ ನನ್ನದೇ. ಹಾಗಾದರೆ ಅವಳು ಅವತ್ತು ಕೇಳಿಸಿಕೊಂಡಿದ್ದಳು. ಮುಂದೆ ಅವಳೇನು ಹೇಳಿದಳೋ ತಿಳಿಯಲಿಲ್ಲ, ಅಷ್ಟರಲ್ಲಿ ಎದ್ದು ಬಾಗಿಲ ಹೊರಗೆ ಬಂದುಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಟೀಚರಮ್ಮ ಬಂದು ‘ಬನ್ನಿ, ನಿಮ್ಮನ್ನ ಒಳಗೆ ಕರೀತಿದ್ದಾರೆ’ ಎಂದರು. ಕನಿಕರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡು, ‘ನನಗೆ ಸಲ್ಲಬೇಕಾದ್ದು ಸಂದಿದೆ, ನೀವು ಹೋಗಿ’ ಎಂದು ಕಳಿಸಿಬಿಟ್ಟೆ.

ಬೇಜಾರಿಲ್ಲ. ಲೆಕ್ಕ ಸರಿಹೋಯಿತು. ಗೇಟಿನ ಕಡೆ ನೋಡಿದೆ, ಒಬ್ಬರೂ ಇರಲಿಲ್ಲ. ಹೋದ ವರ್ಷ ನಿಂತಿದ್ದ ಅಷ್ಟೂ ಕುಟುಂಬಗಳು ಒಳಗೆ ಕೂತಿದ್ದವು, ಅಂಗೈಯಿಂದ ಕಿವಿ ಮುಚ್ಚುತ್ತಿದ್ದ ಆ ತಾಯಿ ಕೂಡ. ಈ ವರ್ಷ ಹೊರಗೆ ಇದ್ದವನು ನಾನೊಬ್ಬನೇ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಉಬ್ಬುತ್ತದೆ.

ನಿನ್ನ ತಮ್ಮ


ಏಪ್ರಿಲ್ ೨೫

ತಮ್ಮಾ,

ದಡ್ಡ ಕಣೋ ನೀನು. ಚಿಕ್ಕಂದಿನಿಂದಲೂ ಅಷ್ಟೇ, ಅರ್ಧ ಕೇಳಿಸಿಕೊಂಡು ಪೂರ್ತಿ ಓಡುವವನು.

ಅವಳು ಆ ಮಾತು ಹೇಳಿದಾಗ ನಾನು ಮಡಿಲಿನ ಚೀಲ ಎತ್ತಿಕೊಂಡೆ. ಒಂಬತ್ತು ವರ್ಷ ಅವಳಿಗೆ ಗೊತ್ತಿಲ್ಲ ಎಂದು ನಂಬಿಕೊಂಡೇ ನಾನು ನಿದ್ದೆ ಮಾಡಿದ್ದು. ಇನ್ನೇನು ಎದ್ದು ವೇದಿಕೆಯ ಕಡೆ ಓಡಬೇಕು, ಅವಳು ಮುಂದುವರಿಸಿದಳು. ನೀನು ಕೇಳಿಸಿಕೊಳ್ಳದೆ ಹೋದದ್ದು ಇದು: ‘ಸದ್ದು ನಿಂತ ಮೇಲೆ ಒಳಗೆ ಕರ್ಕೊಂಡು ಬನ್ನಿ. ಮಾವನ ಕುರ್ಚಿಯಲ್ಲಿ ಯಾರೂ ಕೂರಬೇಡಿ.’

ಆಮೇಲೆ ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತಳು. ನೀನು ಬರಲಿ ಎಂದು. ಇನ್ನೂರ ನಲವತ್ತು ಕುರ್ಚಿಯಲ್ಲಿ ಒಂದೂ ಕಿರ್ ಅನ್ನಲಿಲ್ಲ, ಮುಖ್ಯ ಅತಿಥಿಗಳೂ ಕೆಮ್ಮನ್ನು ನುಂಗಿಕೊಂಡು ಕೂತರು. ಟೀಚರಮ್ಮ ಒಬ್ಬರೇ ವಾಪಸ್ ಬಂದು ತಲೆಯಾಡಿಸಿದ ಮೇಲೆ ಉಳಿದದ್ದು ಹೇಳಿದಳು. ‘ದಿನಕ್ಕೆ ಮುನ್ನೂರು ಹಾಸುಬಟ್ಟೆ ಮಡಚ್ತೀನಿ. ಕಲಿಯೋದಕ್ಕೆ ಎಂಟು ತಿಂಗಳು ಬೇಕಾಯ್ತು. ಕಲಿಸಿದವರು ಎಂಟು ತಿಂಗಳೂ ಬೈಯಲಿಲ್ಲ. ನಂಗೆ ಸದ್ದು ಜಾಸ್ತಿಯಾದ್ರೆ ಹೊರಗೆ ಹೋಗ್ತೀನಿ. ಹೊರಗೆ ಹೋದೋರು ಬೇಡದೋರು ಅಲ್ಲ. ಬಾಗಿಲು ಹಾಕ್ಕೋಬೇಡಿ. ನಮಸ್ಕಾರ.’ ಅಷ್ಟೂ ಕೈಗಳು ಮೇಲೆದ್ದು ಆಡಿದವು. ಪೊಲೀಸರು ಬಂದ ಹಾಗೆ ಕಾಣಲಿಲ್ಲ. ಹೇಗೆ ಕಂಡಿತು ಎಂದು ಬರೆಯಲು ನನಗೆ ಬರುವುದಿಲ್ಲ. ನನ್ನ ಮಗಳು ಎಂದು ಪಕ್ಕದವರಿಗೆ ಹೇಳಿದೆ, ಅವರು ಕೇಳದಿದ್ದರೂ ಹೇಳಿದೆ. ಆ ಕಡೆಯವರಿಗೂ ಹೇಳಿದೆ.

ಬಸ್ಸಿನಲ್ಲಿ ಕೇಳಿದೆ, ಆ ಮಾತನ್ನು ಯಾಕೆ ಹೇಳಿದೆ ಅಂತ. ಸೇಡಿಗೇನೋ ಎಂದು ನನಗೂ ಒಳಗೊಳಗೆ ಭಯವಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: ‘ಅವತ್ತು ಮಾವ ಎರಡನೇ ವಾಕ್ಯ ಹೇಳೋದು ಮರೆತಿದ್ರು. ಅದಕ್ಕೇ ಯಾರೂ ಕರೆಯೋಕೆ ಬರ್ಲಿಲ್ಲ.’

ಇದನ್ನು ನಾನು ನಿನಗೆ ಯಾವತ್ತೂ ಹೇಳಲಿಲ್ಲ, ಈಗ ಹೇಳುತ್ತೇನೆ. ನಿನ್ನ ಮದುವೆಯ ದಿನ ನಾವು ನೇರ ಮನೆಗೆ ಹೋಗಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಸಮಾಧಾನವಾದಳು. ನಿನ್ನ ಭಾವ, ನಾನು, ಅವಳು, ಮೂವರೂ ವಾಹನಗಳು ನಿಂತಿದ್ದ ಕಡೆ ಬಿಸಿಲಿನಲ್ಲಿ ಎರಡು ಗಂಟೆ ಕಾದೆವು. ಯಾರಾದರೂ ಬಂದು ಕರೆಯುತ್ತಾರೆ ಅಂತ. ನನ್ನ ಒಂಬತ್ತು ವರ್ಷದ ಸಿಟ್ಟು ನೀನು ಹೊರಗೆ ಕಳಿಸಿದ್ದಕ್ಕಲ್ಲ. ಒಳಗೆ ಕರೆಯಲಿಲ್ಲವಲ್ಲ, ಅದಕ್ಕೆ. ನನಗೇ ಅದನ್ನು ಇಷ್ಟು ಸರಿಯಾಗಿ ಹೇಳಲು ಬಂದಿರಲಿಲ್ಲ, ಅವಳಿಗೆ ಬಂತು.

ಈಗ ಅವಳ ಹತ್ತಿರ ನಿನಗೊಂದು ಪ್ರಶ್ನೆಯಿದೆ. ಮೂರು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ: ‘ಸದ್ದು ನಿಂತಿತ್ತಲ್ಲ, ಕರೆಯೋಕೂ ಹೋಗಿದ್ರಲ್ಲ, ಮತ್ತೆ ಮಾವ ಯಾಕೆ ಬರ್ಲಿಲ್ಲ?’ ಉತ್ತರ ನೀನೇ ಹೇಳು. ನನಗೆ ಡ್ಯೂಟಿ ಇಲ್ಲ, ಅವಳಿಗೂ ರಜೆ. ಭಾನುವಾರ ಬೆಳಗಿನ ಬಸ್ಸಿಗೆ ಮೂವರೂ ಬರುತ್ತೇವೆ. ನಿನ್ನ ಮಗಳಿಗೆ ಹೇಳು, ಅತ್ತೆ ಬರುತ್ತಿದ್ದಾಳೆ ಎಂದು.

ನಿಮ್ಮ ಮನೆಯ ಕರೆಗಂಟೆ ಹೇಗೆ ಅರಚುತ್ತದೆಂದು ಭಾವನಿಗೆ ಇನ್ನೂ ನೆನಪಿದೆ. ನಾವು ಅದನ್ನು ಒತ್ತುವುದಿಲ್ಲ. ಬಾಗಿಲು ತೆರೆದಿಟ್ಟಿರು.

ಅಕ್ಕ